ವ್ಯಾನಿನೊಳಗೆ ಉಳಿದ ಗಾಳಿ

ಭಾವನ ವ್ಯಾನಿಗೆ ರೇಡಿಯೇಟರ್ ಪೈಪು ಬದಲಾಯಿಸಿದವನು ನಾನೇ. ಭಾವ ಎಂದರೆ ಅಕ್ಕನ ಗಂಡ. ಬೇಕರಿಯ ಬ್ರೆಡ್ಡನ್ನು ಅಂಗಡಿ ಅಂಗಡಿಗೆ ಮುಟ್ಟಿಸುವುದು ಅವರ ಕೆಲಸ. ಪೈಪು ಹಾಕಿ, ಎಂಜಿನ್ ತಂಪಾಗಿಡುವ ಕೂಲಂಟ್ ನೀರು ತುಂಬಿದ ಮೇಲೆ ಒಳಗಿನ ಗಾಳಿ ಪೂರಾ ಹೊರಡುವವರೆಗೆ ಕಾಯಬೇಕು, ಇಲ್ಲದಿದ್ದರೆ ಎಂಜಿನ್ ಕುದಿಯುತ್ತದೆ. ಅವತ್ತು ನನ್ನ ಗ್ಯಾರೇಜಿನ ಮುಂದೆ ಇನ್ನೂ ಮೂರು ಗಾಡಿ ನಿಂತಿದ್ದವು. ಮನೆಯವರದ್ದೇ ತಾನೆ ಎಂದುಕೊಂಡು ಕಂಠಮಟ್ಟ ತುಂಬಿ, ಮುಚ್ಚಳ ತಿರುಗಿಸಿ, "ಆಯ್ತು ಭಾವ, ತಗೊಂಡ್ಹೋಗಿ" ಎಂದೆ.

ಎರಡು ದಿನ ಬಿಟ್ಟು ಫೋನು ಬಂತು. "ಹೀಟರ್ ಹಾಕಿದ್ರೆ ತಣ್ಣನೆ ಗಾಳಿ ಬರ್ತಿದೆಯಲ್ಲಪ್ಪಾ?"

ಒಳಗೆ ಗಾಳಿ ನಿಂತಿದೆ ಎಂದು ಆ ಕ್ಷಣವೇ ಹೊಳೆಯಿತು. "ಸ್ವಿಚ್ಚಿನ ತೊಂದ್ರೆ ಇರ್ಬೇಕು. ಭಾನುವಾರ ನೋಡೋಣ" ಎಂದೆ.

ಶುಕ್ರವಾರ ಏರುರಸ್ತೆಯಲ್ಲಿ ಎಂಜಿನ್ ಕುದಿಯಿತು. ಭಾವ ಅವಸರಕ್ಕೆ ಬಿದ್ದು ರೇಡಿಯೇಟರ್ ಮುಚ್ಚಳ ತೆಗೆದರು. ಕುದಿಯುವ ನೀರು ಚಿಮ್ಮಿ ಬಲಗೈ ಮೊಣಕೈವರೆಗೂ ಸುಟ್ಟಿತು.

ಆಸ್ಪತ್ರೆಯಲ್ಲಿ ಅಕ್ಕ ಚಮಚದಲ್ಲಿ ಗಂಜಿ ಕುಡಿಸುತ್ತಲೇ ಬೈಯುತ್ತಿದ್ದಳು. "ಇಪ್ಪತ್ತು ವರ್ಷ ಗಾಡಿ ಓಡಿಸಿದೀರಿ, ಬಿಸಿ ಮುಚ್ಚಳ ಮುಟ್ಟಬಾರದು ಅಂತ ಗೊತ್ತಾಗಲ್ವಾ?"

"ಕೈ ತುರಿಸ್ತು ಕಣೇ" ಎಂದು ಭಾವ ನಕ್ಕರು. ನನ್ನತ್ತ ತಿರುಗಿ, "ನೀನಿದೀಯ, ಗಾಡಿ ಬಗ್ಗೆ ನಂಗೆ ಚಿಂತೆಯಿಲ್ಲ" ಎಂದರು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನಂತೆ ನಿಂತೆ.

ಪುಣ್ಯಕ್ಕೆ ಎಂಜಿನ್ ಕೆಟ್ಟಿರಲಿಲ್ಲ. ಭಾನುವಾರ ವ್ಯಾನಿನ ಮೂತಿ ಎತ್ತಿ ನಿಲ್ಲಿಸಿ, ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಆಲಿಕೆಯಿಟ್ಟು ಕೂಲಂಟನ್ನು ನಿಧಾನಕ್ಕೆ ಸುರಿದೆ. ಸ್ಕ್ರೂ ಬಾಯಲ್ಲಿ ಗುಳ್ಳೆ ನಿಂತು ಒಂದೇ ಧಾರೆ ಬಂದ ಮೇಲೆ ಅದನ್ನು ಬಿಗಿದೆ. ಎಂಜಿನ್ ಚಾಲೂ ಮಾಡಿ, ಹೀಟರ್ ಪೂರ್ತಿ ತಿರುಗಿಸಿ, ಪೈಪನ್ನು ಹಿಂಡುತ್ತಾ ಕೂತೆ. ಆಲಿಕೆಯಲ್ಲಿ ಗುಳುಗುಳು ಎಂದು ಗಾಳಿ ಬರುತ್ತಲೇ ಇತ್ತು. ರೇಡಿಯೇಟರಿನ ಫ್ಯಾನು ಎರಡು ಸಲ ತಿರುಗಿ ನಿಂತಿತು. ಹೀಟರಿನಿಂದ ಬಿಸಿಗಾಳಿ ಮುಖಕ್ಕೆ ಬಡಿಯಿತು. ಎಲ್ಲ ಸೇರಿ ಮುಕ್ಕಾಲು ಗಂಟೆ. ಅಷ್ಟೇ.

ಭಾವ ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಗಾಳಿ ತೆಗೆಯದೆ ಗಾಡಿ ಕೊಟ್ಟಿದ್ದೆ ಎಂದು ಇಬ್ಬರ ಮುಂದೆಯೂ ಹೇಳಿಬಿಟ್ಟೆ.

ಭಾವ ಬ್ಯಾಂಡೇಜು ನೋಡಿಕೊಳ್ಳುತ್ತಾ ಕೇಳಿದರು. "ನಾನು ಫೋನ್ ಮಾಡಿದಾಗ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎಂದಿದ್ದರೆ ನಂಬುತ್ತಿದ್ದರು. "ಗೊತ್ತಿತ್ತು ಭಾವ."

"ಇಷ್ಟು ದಿನ ಇವರನ್ನೇ ಬೈದೆ" ಎಂದಳು ಅಕ್ಕ. "ನೀನು ಪಕ್ಕದಲ್ಲೇ ನಿಂತು ಕೇಳಿಸ್ಕೊಂಡೆ." ಎದ್ದು ಒಳಗೆ ಹೋದಳು.

ಭಾವನ ಕೈ ವಾಸಿಯಾಗುವವರೆಗೆ ದಿನಾ ಬೆಳಗ್ಗೆ ಬ್ರೆಡ್ಡಿನ ವ್ಯಾನು ನಾನೇ ಓಡಿಸಿದೆ. ಅಕ್ಕ ಕೀಲಿ ಕೈಗಿಟ್ಟು ಬಾಗಿಲು ಹಾಕಿಕೊಳ್ಳುತ್ತಿದ್ದಳು. ದಾರಿ ತೋರಿಸಲು ಪಕ್ಕದಲ್ಲಿ ಕೂರುತ್ತಿದ್ದ ಭಾವ "ಎಡಕ್ಕೆ", "ಬಲಕ್ಕೆ" ಬಿಟ್ಟರೆ ಬೇರೆ ಮಾತಾಡುತ್ತಿರಲಿಲ್ಲ. ಮೂರನೇ ವಾರ ಒಂದು ಸಿಗ್ನಲ್ಲಿನಲ್ಲಿ ಅವರಾಗಿಯೇ ಬಾಯಿ ಬಿಟ್ಟರು.

"ಮುಚ್ಚಳ ತೆಗೆದಿದ್ದು ನನ್ನ ತಪ್ಪೇ. ಅದರಲ್ಲಿ ಪಾಲು ಕೇಳ್ಬೇಡ. ನಿಂದು ಬೇರೆ ಇದೆ."

ಮನಸ್ಸು ಹಗುರವಾಯಿತು ಎಂದರೆ ಸುಳ್ಳಾದೀತು. "ಹೂಂ ಭಾವ" ಎಂದೆ. ಮುಂದಿನ ಅಂಗಡಿಯೆದುರು ನಿಲ್ಲಿಸಿ ಟ್ರೇ ಇಳಿಸತೊಡಗಿದೆ. ಭಾವ ಇಳಿದು ಬಂದು, ಎಡಗೈಯಲ್ಲಿ ಹಿಂಬಾಗಿಲು ಹಿಡಿದು ನಿಂತರು.