ಐವರಲ್ಲಿ ಮೂವರು

"ಅಜ್ಜಿ, ಆಲ್ರೆಡಿ ಇಬ್ರು ಒಳಗಿದಾರೆ. ಥರ್ಡ್ ಪರ್ಸನ್ ಬಂದ್ರೆ ಇಲ್ಲೀಗಲ್ ಆಗತ್ತಾ?"

ಅಕ್ಷಯಾ ಶವಸಂಸ್ಕಾರ ಗೃಹದ ಬಾಗಿಲಿಗೆ ಅಡ್ಡ ನಿಂತಿದ್ದಳು. ಹೊರಗೆ ಇನ್ನೂ ಮೂವರು ಕೌಂಟಿ ಕಮಿಷನರುಗಳು ಕೈಯಲ್ಲಿ ಹೂ ಹಿಡಿದು, ಒಬ್ಬರಿಂದೊಬ್ಬರು ಹತ್ತಡಿ ದೂರದಲ್ಲಿ, ಜಗಳವಾಡಿಕೊಂಡವರ ಹಾಗೆ ನಿಂತಿದ್ದರು. ಒಳಗೆ ಅವಳ ತಾತ ಬದರಿನಾಥರು ರೇಷ್ಮೆ ಪಂಚೆಯುಟ್ಟು ನೆಮ್ಮದಿಯಾಗಿ ಮಲಗಿದ್ದರು. ಎದ್ದು ಕೂರುವಂತಿದ್ದರೆ ಈ ಪ್ರಶ್ನೆಗೆ ಅರ್ಧ ಗಂಟೆ ಉತ್ತರ ಹೇಳುತ್ತಿದ್ದರು.

ಅಜ್ಜಿ ಉಷಾಗೆ ನಗು ಬಂತು. ಗಂಡ ಸತ್ತು ಮೂರು ದಿನವಾಗಿಲ್ಲ, ನಗಬಾರದೆಂದು ಸೆರಗನ್ನು ಬಾಯಿಗೊತ್ತಿಕೊಂಡರು. ಆದರೂ ಬಂತು.

ಅಮೆರಿಕದ ಆ ಕೌಂಟಿಯನ್ನು, ಅಂದರೆ ಜಿಲ್ಲೆಯನ್ನು, ನಡೆಸುವುದು ಜನ ಆರಿಸಿದ ಐವರು ಕಮಿಷನರುಗಳ ಮಂಡಳಿ. ಯಾವ ಕೆಲಸಕ್ಕೂ ಮೂರು ಮತ ಬಿದ್ದರೆ ಆಯಿತು. ಆದ್ದರಿಂದಲೇ ಮೂವರು ಒಂದು ಕಡೆ ಸೇರಿ ಕೌಂಟಿಯ ವಿಷಯ ಎತ್ತಿದರೆ ಅದು ಸಭೆಯಾಗುತ್ತದೆ. ಜನರಿಗೆ ಮೊದಲೇ ತಿಳಿಸದೆ ನಡೆಸುವಂತಿಲ್ಲ. ಈ ನಿಯಮವನ್ನು ಅದನ್ನು ಮಾಡಿದವರಿಗಿಂತ ಬಿಗಿಯಾಗಿ ಹಿಡಿದುಕೊಂಡಿದ್ದವರು ಬದರಿನಾಥರು.

*

ಹೋದ ವರ್ಷ ಕನ್ನಡ ಕೂಟದ ಗಣೇಶನ ಹಬ್ಬಕ್ಕೆ ಕಮಿಷನರುಗಳನ್ನು ಕರೆಸಿದ್ದವರೂ ಅವರೇ. ಕೋಸಂಬರಿ ಪಾತ್ರೆಯ ಸುತ್ತ ಮೂವರು ನಿಂತು ಕೌಂಟಿ ಶಾಲೆಗಳ ಮಾತು ತೆಗೆದಿದ್ದೇ ತಡ, ನಡುವೆ ನುಗ್ಗಿ ಒಬ್ಬರ ತೋಳು ಹಿಡಿದು ಪಾಯಸದ ಕಡೆಗೆ ಎಳೆದೊಯ್ದರು.

"ನೀವೇ ಕರೆಸಿ ನೀವೇ ಓಡಿಸ್ತೀರಲ್ರೀ!" ಎಂದು ಉಷಾ ಗದರಿದ್ದರು.

"ಓಡಿಸ್ಲಿಲ್ಲ ಕಣೇ, ಸೇವ್ ಮಾಡ್ದೆ."

ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಪ್ರಯೋಗಾಲಯದಿಂದ ನಿವೃತ್ತರಾದ ಮೇಲೆ ಒಂಬತ್ತು ವರ್ಷ ಅವರು ತಿಂಗಳ ಎರಡನೆಯ ಸೋಮವಾರ ಮಂಡಳಿಯ ಸಭೆ ತಪ್ಪಿಸಿದವರಲ್ಲ. ಸಾರ್ವಜನಿಕರಿಗೆ ಸಿಗುವುದು ತಲಾ ಮೂರು ನಿಮಿಷ. ಅವರದು ಪ್ರತಿ ಸಲವೂ ಒಂದೇ ಮಾತು: ಬಸ್ ಸ್ಟಾಪಿನಿಂದ ಕೌಂಟಿ ಗ್ರಂಥಾಲಯಕ್ಕೆ ಕಾಲುದಾರಿ ಮಾಡಿಕೊಡಿ, ಕಾರಿಲ್ಲದವರು ಕೆಮ್ಮಣ್ಣಿನ ದಿಬ್ಬದಲ್ಲಿ ಜಾರುತ್ತ ಬರುತ್ತಿದ್ದಾರೆ, ನೀವೂ ಒಂದೇ ಒಂದು ಸಲ ಕಾರು ಅಲ್ಲೇ ಬಿಟ್ಟು ನಡೆದು ನೋಡಿ.

ಹೋದ ತಿಂಗಳು ಹೊರಡುವಾಗ "ನೀನೂ ಬಾರೇ" ಎಂದು ಕರೆದಿದ್ದರು.

"ನಿಮ್ಮ ಮಾತು ಅಲ್ಲಿ ಯಾರು ಕೇಳ್ತಾರ್ರೀ? ನೀವೇ ಹೋಗಿ" ಎಂದುಬಿಟ್ಟಿದ್ದರು ಉಷಾ. ಅವರು ಒಬ್ಬರೇ ಹೋದರು, ಅದೇ ಅವರ ಕೊನೆಯ ಸಭೆಯಾಯಿತು.

*

"ಬಿಡಮ್ಮ ಅವ್ರನ್ನ ಒಳಗೆ!" ಬದರಿನಾಥರ ಹಳೆಯ ಸ್ನೇಹಿತ ತ್ಯಾಗರಾಜ ಫೋನು ಎತ್ತಿ ಹಿಡಿದು ಬಂದರು. "ಕೌಂಟಿ ಕ್ಲರ್ಕು ಮೊನ್ನೇನೇ ವೆಬ್‌ಸೈಟಲ್ಲಿ ನೋಟಿಸ್ ಹಾಕಿದಾಳೆ. ಬದರಿನಾಥರ ಫ್ಯೂನರಲ್‌ಗೆ ಐದೂ ಜನ ಬರಬಹುದು, ಕೌಂಟಿ ಬಿಸಿನೆಸ್ ಏನೂ ನಡೆಯಲ್ಲ ಅಂತ. ಸತ್ತ ಮೇಲೂ ಮೀಟಿಂಗ್ ನೋಟಿಸ್ ಹಾಕಿಸಿದಾನಲ್ಲಪ್ಪ ಇವ್ನು!"

ಇಡೀ ಹಾಲ್ ನಕ್ಕಿತು. ಪುರೋಹಿತರೂ ಮಂತ್ರ ನಿಲ್ಲಿಸಿ ನಕ್ಕರು.

ಹೊರಗಿದ್ದ ಮೂವರೂ, ಒಳಗಿದ್ದ ಇಬ್ಬರಂತೆಯೇ, ಬಾಗಿಲಲ್ಲಿ ಶೂ ಬಿಚ್ಚಿಟ್ಟು ಬಂದು ಹೂವಿಟ್ಟರು. ಮಂಡಳಿಯ ಅಧ್ಯಕ್ಷೆ ಲೊರೆಟ್ಟಾ ಹತ್ತಿರ ಬಂದಾಗ ಉಷಾ ಅವಳ ಕೈ ಬಿಡಲಿಲ್ಲ. ಆ ಕಾಲುದಾರಿಯ ಮಾತನ್ನು ಒಬ್ಬರಾದರೂ ಕಿವಿಗೆ ಹಾಕಿಕೊಂಡಿರಾ ಎಂದು ಇಂಗ್ಲಿಷಿನಲ್ಲಿ ನೇರವಾಗಿ ಕೇಳಿಯೇಬಿಟ್ಟರು.

ಲೊರೆಟ್ಟಾ ಬಾಯಿ ತೆರೆದಳು. ಹಿಂದಿದ್ದ ನಾಲ್ವರನ್ನು ನೋಡಿದಳು, ಮಲಗಿದ್ದ ಬದರಿನಾಥರನ್ನು ನೋಡಿದಳು, ಬಾಯಿ ಮುಚ್ಚಿದಳು. ಮುಂದಿನ ಸೋಮವಾರ ಅದು ಮತಕ್ಕೆ ಬರುತ್ತದೆ, ಇಲ್ಲಿ ನಾನೇನಾದರೂ ಹೇಳಿದರೆ ಮೊದಲು ಎದ್ದು ಆಕ್ಷೇಪಿಸುವವರು ಇವರೇ, ಎಂದಳು. ಉಷಾ ನಕ್ಕರು. ಪ್ರಶ್ನೆ ಮಾತ್ರ ಎದೆಯಲ್ಲೇ ಉಳಿಯಿತು.

ಎಲ್ಲ ಮುಗಿದು, ಬಂದವರು ಹೊರಡುವ ಮೊದಲೇ ಉಷಾ ಹೊರಗೆ ಬಂದಾಗ ತ್ಯಾಗರಾಜ ಪೇಪರ್ ಟವೆಲ್ ಹಿಡಿದು ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕುಳಿತಿದ್ದರು. ಗ್ರಂಥಾಲಯದ ಪಕ್ಕದಲ್ಲೇ ಇದ್ದ ಆ ಶವಸಂಸ್ಕಾರ ಗೃಹಕ್ಕೆ ಟಾರು ಹಾಕಿದ ದೊಡ್ಡ ಪಾರ್ಕಿಂಗ್ ಲಾಟ್ ಇತ್ತು. ಕಾರಿನಲ್ಲಿ ಬಂದವರ ಚಪ್ಪಲಿ, ಶೂಗಳೆಲ್ಲ ಹೊಸವುಗಳಂತೆ ಹೊಳೆಯುತ್ತಿದ್ದವು. ಒಂದು ಮೂಲೆಯವು ಮಾತ್ರ ಲೇಸಿನವರೆಗೂ ಒದ್ದೆ ಕೆಮ್ಮಣ್ಣು ಮೆತ್ತಿಕೊಂಡಿದ್ದವು.

"ಕಮಿಷನರುಗಳದು, ಉಷಾ. ಕಾರೆಲ್ಲ ಬಸ್ ಸ್ಟಾಪ್ ಹತ್ರ ಬಿಟ್ಟು ದಿಬ್ಬದ ಮೇಲೆ ನಡ್ಕೊಂಡು ಬಂದಿದಾರೆ. ರಾತ್ರಿ ಬೇರೆ ಮಳೆ. ಸ್ವಲ್ಪ ಒರೆಸಿಡ್ತೀನಿ."

"ಬೇಡಿ, ಮುಟ್ಟಬೇಡಿ."

ಉಷಾ ಮೆಟ್ಟಿಲ ಮೇಲೆ ಕುಳಿತು, ಕಣ್ಣೊರೆಸಿಕೊಂಡು, ಬೆರಳು ಮಡಿಸುತ್ತ ಎಣಿಸಿದರು. ಐದು ಜೊತೆ. ಮೂರಿದ್ದರೂ ಸಾಕಿತ್ತು.