ಕಿವಿ ಮೇಷ್ಟ್ರು

"ಚಪ್ಪಲಿ ಬಿಡ್ರೋ! ಹೆಣ ಹೊತ್ಕೊಂಡು ಬಂದ್ರೂ ಸರಿ, ಚಪ್ಪಲಿ ಬಿಟ್ಟೇ ಒಳಗ್ ಬರ್ಬೇಕು!"

ಪೆಟ್ಟಿಗೆ ಹೊತ್ತಿದ್ದ ನಾಲ್ವರು ಬಾಸ್ಕೆಟ್‌ಬಾಲ್ ಅಂಗಳದ ಬಾಗಿಲಲ್ಲೇ ತಡೆದು ನಿಂತರು. ಆ ಮರದ ನೆಲವನ್ನು ಒರೆಸುವುದರಲ್ಲೇ ಆಯುಷ್ಯ ಸವೆಸಿದ ಮುದುಕ, ಎಲ್ಲರ ಬಾಯಲ್ಲೂ 'ನೆಲದ ತಾತ', ಕೈಯಗಲಿಸಿ ಅಡ್ಡ ನಿಂತಿದ್ದ.

"ತಾತ, ಕೈ ಖಾಲಿ ಇಲ್ಲ. ನೀನೇ ಬಿಚ್ಚು" ಎಂದು ಒಬ್ಬ ಗೊಣಗಿದ.

ತಾತ ಬಗ್ಗಿ ಒಬ್ಬೊಬ್ಬರ ಚಪ್ಪಲಿ ಕಿತ್ತು ಹೊರಗೆಸೆದ. "ಮೇಷ್ಟ್ರು ಎದ್ದು ಕೂತ್ರೆ ಬೈಸ್ಕೊಳ್ಳೋನು ನಾನು ಕಣ್ರೋ, ನೀವಲ್ಲ." ಯಾರೋ ನಕ್ಕರು. ನಕ್ಕಿದ್ದಕ್ಕೆ ನಾಚಿ ಕೆಮ್ಮಿದರು.

ಅಷ್ಟರಲ್ಲಿ ಕಾಲೇಜಿನ ಅಧ್ಯಕ್ಷರು ಬಂದರು. ಅವರ ಚರ್ಮದ ಬೂಟು ಹಿಮ್ಮಡಿ ಕುಟ್ಟುತ್ತ ಅಂಗಳದ ನಡುವಿನ ವೃತ್ತದವರೆಗೂ ನಡೆಯಿತು. ತಾತನ ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಪೆಟ್ಟಿಗೆಯನ್ನು ವೃತ್ತದಲ್ಲಿಟ್ಟು ಮುಚ್ಚಳ ತೆಗೆದರು. ತಲೆಯ ಕಡೆ ಹಾಕಿದ್ದ ಕುರ್ಚಿಯಲ್ಲಿ ಮೇಷ್ಟ್ರ ಹೆಂಡತಿ ಬಾಗಿಲಿಗೆ ಬೆನ್ನು ಹಾಕಿ ಕೂತಳು. ಆಸ್ಪತ್ರೆಯವರು ಗಂಡನ ಮೂಗಿಗೂ ಕಿವಿಗಳಿಗೂ ಹತ್ತಿ ತುರುಕಿ ಕಳಿಸಿದ್ದರು. ಅವಳು ಅದನ್ನೇ ನೋಡುತ್ತಿದ್ದಳು.

"ಅತ್ತೆ, ಈ ಅಂಗಳಕ್ಕೆ ಮಾವನ ಹೆಸರಿಡ್ತಾರಂತೆ. ಅಧ್ಯಕ್ಷರು ಈಗ ಹೇಳ್ತಾರೆ. ನೀವು ತಲೆಯಾಡಿಸಿ, ಸಾಕು" ಎಂದು ಅಳಿಯ ಪಿಸುಗುಟ್ಟಿದ. ಅವನೂ ಇದೇ ಕಾಲೇಜಿನಲ್ಲಿ ಪಾಠ ಹೇಳುವವನು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

"ಕಂಬ ಬಂದ್ಲಾ?"

ಅಳಿಯ ಥಟ್ಟನೆ ಬಾಗಿಲ ಕಡೆ ತಿರುಗಿದ. "ಅವಳನ್ನ ಯಾರು ಕರೆದ್ರು?"

"ನಾನೇ."

*

ಕಂಬ ಗೇಟಿನ ಹೊರಗೆ ಬಸ್ಸಿನಿಂದ ಇಳಿಯುತ್ತಿದ್ದಳು. ಮೊದಲು ಒಳ್ಳೆಯ ಕಾಲು, ಆಮೇಲೆ ಕಬ್ಬಿಣದ ಪಟ್ಟಿ ಕಟ್ಟಿದ, ದಪ್ಪ ಅಟ್ಟೆಯ ಬೂಟಿನ ಕಾಲು. ಒಂದು ಕಾಲದಲ್ಲಿ ತಂಡದಲ್ಲೇ ಎತ್ತರದವಳು, ಅದಕ್ಕೇ ಆ ಅಡ್ಡಹೆಸರು. ಈಗ ಹೊಲಿಗೆ ಕಾರ್ಖಾನೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಾಕುತ್ತಾಳೆ. ಅವಳ ಜೊತೆ ಆಡುತ್ತಿದ್ದ ಗುಬ್ಬಿ ಓಡಿ ಬಂದು ಕೈ ಹಿಡಿದಳು.

"ನೀನು ಬರಲ್ಲ ಅಂದ್ಕೊಂಡಿದ್ದೆ ಕಣೇ."

"ಸಾರ್ ಮನೆಯಮ್ಮ ಫೋನ್ ಮಾಡಿದ್ರು. 'ಬಾ' ಅಂದ್ರು, ಇಟ್ಬಿಟ್ರು."

"ಸತ್ತೋರ ಮೇಲೆ ಏನು ಸಿಟ್ಟು, ಬಿಡೆ."

"ಸತ್ತೋರ ಮಾತು ಬಿಡು. ಹಾಸ್ಟೆಲ್ ಮೆಟ್ಟಿಲ ಮೇಲೆ ಬಿದ್ದು ಕಾಲು ಮುರ್ಕೊಂಡಳು ಅಂತ ತಾನೆ ಊರಿಗೆಲ್ಲ ಗೊತ್ತಿರೋದು? ನಮ್ಮಪ್ಪನೂ ಅದನ್ನೇ ನಂಬ್ದ. 'ಯಾವನ ಹಿಂದೆ ಓಡ್ತಿದ್ದೆ ಮೆಟ್ಟಿಲ ಮೇಲೆ' ಅಂತ ಕೇಳ್ದ. ಅದೇ ಅನುಮಾನದಲ್ಲೇ ಸತ್ತ." ಕಂಬ ನಿಂತು ಉಸಿರು ತೆಗೆದುಕೊಂಡಳು. "ನಂಗೆ ಒಂದೇ ಮಾತು ಬೇಕು. 'ಇವಳು ಇಲ್ಲೇ ಬಿದ್ಲು' ಅಂತ. ಆ ನೆಲದ ಮೇಲೆ ನಿಂತು ಯಾರಾದ್ರೂ ಹೇಳ್ಬೇಕು. ನೀನು ಹೇಳ್ತೀಯಾ? ಚೆಂಡು ಕೊಟ್ಟೋಳು ನೀನೇ ತಾನೆ?"

ಗುಬ್ಬಿ ಕಣ್ಣು ತಪ್ಪಿಸಿದಳು.

"ನನ್ನ ಮಗಳು ಇಲ್ಲೇ ಓದ್ತಿದಾಳೆ ಕಣೇ."

*

ಮೇಷ್ಟ್ರು ತರಬೇತುದಾರರಾಗಿ ಬಂದಾಗ ಕಾಲೇಜಿಗಿದ್ದದ್ದು ಮಣ್ಣಿನ ಅಂಗಳ. ಸುಣ್ಣದ ಪುಡಿಯಲ್ಲಿ ಗೆರೆಗಳನ್ನು ತಾವೇ ಎಳೆಯುತ್ತಿದ್ದರು. ಮರದ ನೆಲ ಬಂದ ಮೇಲೆ ಅವರಿಗೊಂದು ಅಭ್ಯಾಸ ಹತ್ತಿತು. ಹುಡುಗಿಯರು ಆಡುವಾಗ ಅಂಗಳಕ್ಕೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ನಿಲ್ಲುವರು. ನೋಡುವ ಗೊಡವೆಯೇ ಇಲ್ಲ. ರಬ್ಬರಿನ ಅಟ್ಟೆ ನೆಲಕ್ಕೆ ಉಜ್ಜಿ ಕಿರ್ರೆನ್ನುವ ಸದ್ದೊಂದೇ ಅವರಿಗೆ ಸಾಕಿತ್ತು.

"ಗುಬ್ಬೀ, ಮೈಗಳ್ಳಿ, ಎಡಗಾಲು ಎಳೀತಿದೀಯ! ಕಂಬಾ, ಹಾರೋ ಮುಂಚೆ ಅದೇನದು ಮೀನಾಮೇಷ?"

"ಸಾರ್‌ಗೆ ಬೆನ್ನಲ್ಲಿ ಕಣ್ಣಿದೆ" ಎಂದು ಹುಡುಗಿಯರು ನಗುತ್ತಿದ್ದರು.

"ಕಣ್ಣಿಗೆ ಮಣ್ಣೆರಚಬಹುದು ಕಣ್ರೇ, ಕಿವಿಗೆ ಆಗಲ್ಲ" ಎನ್ನುತ್ತಿದ್ದರು ಮೇಷ್ಟ್ರು.

ಕಂಬ ಬಿದ್ದ ಆ ಸಂಜೆ ಅಧ್ಯಕ್ಷರು ಹೊಸ ಕಟ್ಟಡಕ್ಕೆ ಕೈ ಸಡಿಲಿಸಬಹುದಾದ ದೊಡ್ಡವರನ್ನು ಕರೆತಂದು, ಬಾಗಿಲು ಹಾಕಿಸಿ, ತಂಡದ ಆಟ ತೋರಿಸಲು ಕೂತಿದ್ದರು. ಕಂಬಾಳ ಮಂಡಿ ಊದಿತ್ತು. ಅವಳು ಬಾಯಿ ಬಿಡುವ ಮೊದಲೇ, ಅಂಗಳ ದಾಟಿ ಬಂದ ಹೆಜ್ಜೆಯಲ್ಲೇ ಮೇಷ್ಟ್ರಿಗೆ ಅದು ತಿಳಿದಿತ್ತು.

"ಸಾರ್, ಇವತ್ತು ಬೇಡ. ಕಾಲು ಊರಕ್ಕಾಗ್ತಿಲ್ಲ."

ಮೇಷ್ಟ್ರು ಅಧ್ಯಕ್ಷರ ಕಡೆ ನೋಡಿದರು. ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಮೇಷ್ಟ್ರು ಮೊಣಕಾಲೂರಿ ಕೂತು, ಅವಳ ಮಂಡಿಗೆ ತಾವೇ ಬಿಗಿಯಾಗಿ ಪಟ್ಟಿ ಸುತ್ತಿದರು. "ಸ್ವಲ್ಪ ಹೊತ್ತು ಕಣಮ್ಮ. ಆಮೇಲೆ ವಾರ ಪೂರ್ತಿ ಮಲಕ್ಕೋ."

ಆ ಸಂಜೆ ಅವರು ಗೋಡೆಗೆ ಮುಖ ಮಾಡಲಿಲ್ಲ. ಆಟವನ್ನು ಕಣ್ಣಾರೆ ನೋಡಿದರು. ಗುಬ್ಬಿ ಚೆಂಡು ಕೊಟ್ಟಳು. ಕಂಬ ರಿಂಗಿನ ಕೆಳಗೆ ಹಾರಿದಳು, ಇಳಿದಳು. ಒಣಗಿದ ಕೊಂಬೆ ಮುರಿದಂಥ ಸದ್ದಾಯಿತು.

ದೊಡ್ಡವರ ಎದುರೇ ಅಧ್ಯಕ್ಷರು ಹೇಳಿದರು: "ಪಾಪ, ಈ ಹುಡುಗಿ ಹಾಸ್ಟೆಲ್ ಮೆಟ್ಟಿಲಲ್ಲಿ ಜಾರಿದ್ದಳು. ಮುಚ್ಚಿಟ್ಟು ಆಡಿದ್ದಾಳೆ ನೋಡಿ." ಮೇಷ್ಟ್ರು ತಲೆಯಾಡಿಸಿದರು.

ಅಷ್ಟೇ. ಒಂದು ಮಾತನ್ನೂ ಆಡಿದವರಲ್ಲ, ಒಂದು ಸುಳ್ಳನ್ನೂ ಹೇಳಿದವರಲ್ಲ. ತಲೆಯಾಡಿಸಿದವರಿಗೆ ಮರುವರ್ಷ ಕುರ್ಚಿ ಬಂತು: ಕ್ರೀಡಾ ನಿರ್ದೇಶಕರು. ಕೊರಳಿನ ಸೀಟಿ ಮೇಜಿನ ಖಾನೆ ಸೇರಿತು. ಸಭೆ, ಸನ್ಮಾನ, ಪಂದ್ಯಗಳ ವೇಳಾಪಟ್ಟಿ, ಹೂಗುಚ್ಛ. ಆಮೇಲೆ ಅವರು ಚೆಂಡು ಮುಟ್ಟಲೇ ಇಲ್ಲ.

*

ಕಂಬ ಒಮ್ಮೆ ಅವರನ್ನು ಕಾಣಲು ಹೋಗಿದ್ದಳು. ಆಗಷ್ಟೇ ಊರುಗೋಲು ಬಿಟ್ಟಿದ್ದಳು. ಕಚೇರಿಯ ಉದ್ದನೆಯ ಓಣಿಯಲ್ಲಿ ಇನ್ನೂ ಅರ್ಧ ದಾರಿ ಬಂದಿರಲಿಲ್ಲ, ಒಳಗಿಂದ ಅಗುಳಿ ಬಿದ್ದ ಸದ್ದು ಕೇಳಿಸಿತು. ಅವಳ ಹೆಜ್ಜೆ ಅವರಿಗೆ ಗೊತ್ತಾಗಿತ್ತು. ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು. ಬಾಗಿಲಿನ ಆಚೆ ಒಬ್ಬರು, ಈಚೆ ಒಬ್ಬಳು, ಒಬ್ಬರ ಉಸಿರು ಒಬ್ಬರು ಕೇಳುತ್ತ ನಿಂತರು. ಕಂಬ ವಾಪಸಾದಳು.

ಮರುವಾರವೇ ಆ ಓಣಿಗೆ ದಪ್ಪನೆಯ ಜಮಖಾನ ಹಾಸಿಸಿದರು. ಯಾಕೆಂದು ಹೆಂಡತಿ ಕೇಳಿದಾಗ "ಧೂಳು" ಎಂದರು. ಮನೆಯಲ್ಲೂ, ಮೇಲಿನ ಮನೆಯವರು ಓಡಾಡಿದರೆ ಸಾಕು, ರೇಡಿಯೋ ಜೋರು ಮಾಡುವರು. ಕೊನೆಕೊನೆಗೆ, ಆಸ್ಪತ್ರೆಯ ಮಂಚದಲ್ಲಿ, ದಾದಿಯ ಕಾಲಸಪ್ಪಳಕ್ಕೂ ಬೆಚ್ಚಿ "ಅಗುಳಿ ಹಾಕೇ, ಅವಳು ಬಂದ್ಲು" ಎಂದು ಬಡಬಡಿಸಿದರು. ಯಾರೆಂದು ಕೇಳಿದಾಗ ಆ ಸಂಜೆಯದೆಲ್ಲ ಬಾಯಿಂದ ಬಂತು. ಹೆಂಡತಿಗೆ ಎಲ್ಲ ತಿಳಿದದ್ದು ಆಗ.

*

"...ಇವರ ಕಾಲದಲ್ಲಿ ಈ ನೆಲದ ಮೇಲೆ ಒಬ್ಬಳೇ ಒಬ್ಬ ಆಟಗಾರ್ತಿಗೂ ಒಂದು ಗಾಯವಾಗಲಿಲ್ಲ!" ಮೈಕಿನಲ್ಲಿ ಅಧ್ಯಕ್ಷರು ದನಿ ಏರಿಸಿದರು. "ಇನ್ನು ಮುಂದೆ ಈ ಅಂಗಳಕ್ಕೆ ಅವರದೇ ಹೆಸರು. ಎಲ್ಲರೂ ಒಂದು ನಿಮಿಷ ಮೌನವಾಗಿ ನಿಲ್ಲೋಣ."

ಎಲ್ಲರೂ ಎದ್ದರು. ಬಾಗಿಲಲ್ಲಿ ನೆಲದ ತಾತ ಕಂಬಾಳ ದಾರಿಗೆ ಅಡ್ಡ ನಿಂತಿದ್ದ.

"ಬಿಚ್ಚಿದ್ರೆ ನಿಲ್ಲಕ್ಕಾಗಲ್ಲ ತಾತ."

ತಾತ ಆ ಬೂಟು ನೋಡಿದ. ಒಳಗೆ ಹೊಳೆಯುತ್ತಿದ್ದ ಇನ್ನೊಂದು ಜೊತೆ ಬೂಟನ್ನೂ ನೋಡಿದ. ಕುಕ್ಕರುಗಾಲಲ್ಲಿ ಕೂತು, ಹೆಗಲ ಮೇಲಿನ ಬಟ್ಟೆಯಿಂದ ಅವಳ ಅಟ್ಟೆ ಒರೆಸಿದ. "ಹೋಗು ಮಗಳೇ."

ಟಕ್, ಸರ್ರ್. ಟಕ್, ಸರ್ರ್.

ಮೌನದಲ್ಲಿ ಆ ಹೆಜ್ಜೆ ಗೋಡೆಯಿಂದ ಗೋಡೆಗೆ ಬಡಿಯಿತು. ತಗ್ಗಿಸಿದ ತಲೆಗಳು ಒಂದೊಂದಾಗಿ ಎದ್ದವು. ಮೇಷ್ಟ್ರ ಹೆಂಡತಿ ತಿರುಗಿ ನೋಡಲಿಲ್ಲ.

"ಮುಚ್ಚಳ ಹಾಕ್ರಪ್ಪ, ಹೊತ್ತಾಯ್ತು" ಎಂದ ಅಳಿಯ ಅವಸರದಲ್ಲಿ.

"ತಡೀರಿ." ಅವಳು ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. "ಕಂಬಾ, ಎಲ್ಲಿ ಬಿದ್ದೆ?"

"ಅಲ್ಲಿ, ಅಮ್ಮ. ಆ ರಿಂಗಿನ ಕೆಳಗೆ."

"ಅಮ್ಮಾ, ದುಃಖದಲ್ಲಿ ಏನೇನೋ..." ಎಂದರು ಅಧ್ಯಕ್ಷರು.

"ದುಃಖ ನಂದು, ನೀವು ಸುಮ್ನಿರಿ." ಅವಳ ದನಿ ಮೈಕಿಗೂ ಬಿತ್ತು. "ಇವಳು ಬಿದ್ದಿದ್ದು ಇಲ್ಲೇ. ಮೆಟ್ಟಿಲ ಮೇಲಲ್ಲ. ಬೀಳಿಸ್ದೋರಲ್ಲಿ ಒಬ್ರು ಇಲ್ಲಿ ಮಲಗಿದಾರೆ, ಒಬ್ರು ಮೈಕ್ ಹಿಡ್ಕೊಂಡಿದಾರೆ."

ಯಾರೋ ಮೈಕಿನ ತಂತಿ ಕಿತ್ತರು. ಅಳಿಯ ಮುಖ ಮುಚ್ಚಿಕೊಂಡ. ಗುಬ್ಬಿ ಬಾಗಿಲಲ್ಲೇ ಉಳಿದಳು.

ಮೇಷ್ಟ್ರ ಹೆಂಡತಿ ಪೆಟ್ಟಿಗೆಯ ಮೇಲೆ ಬಾಗಿದಳು. ಎಳೆಮಗುವಿನ ಕಿವಿಯಿಂದ ತೆಗೆಯುವಷ್ಟು ಮೆಲ್ಲಗೆ, ಗಂಡನ ಎಡಗಿವಿಯ ಹತ್ತಿ ತೆಗೆದಳು. ಬಲಗಿವಿಯದನ್ನೂ ತೆಗೆದಳು. ಎರಡನ್ನೂ ಮುಷ್ಟಿಯಲ್ಲಿ ಬಿಗಿದಳು.

"ಈಗ ನಡಿಯಮ್ಮ" ಎಂದಳು. "ರಿಂಗಿನವರೆಗೂ ನಡಿ."

ಟಕ್, ಸರ್ರ್.