ಮೊಂವಾಲ್‌ನ ಹಾಲ್ಟಿಂಗ್

ಏರ್ ಮೊಂವಾಲ್ ಎಂಬ ಫ್ರೆಂಚ್ ಕಂಪನಿಗೆ ಇದ್ದದ್ದು ಎರಡೇ ವಿಮಾನ, ತಲಾ ಹತ್ತೊಂಬತ್ತು ಸೀಟು. 1978ರಲ್ಲಿ ಶುರುವಾಗಿ 1994ರಲ್ಲಿ ಮುಚ್ಚಿತು. ಅದರ ಚರಿತ್ರೆಯನ್ನು ಸ್ಥಾಪಕ ಪೈಲಟ್‌ನ ಮಗಳು ಎಲೆನ್ ಬರೆದಿದ್ದಳು. ಕೊಪ್ಪದ ಬಸ್ ನಿಲ್ದಾಣದ ಎದುರಿನ ಮಹಡಿ ಕೋಣೆಯಲ್ಲಿ ಕೂತು ಅರ್ಪಣಾ ಅದನ್ನು ಇಂಗ್ಲಿಷಿಗೆ ಅನುವಾದಿಸುತ್ತಿದ್ದಳು.

ಮೂರು ತಿಂಗಳಿಂದ ಅದೇ ಕೆಲಸ. ಮಂಜು ಇಳಿದಾಗ, ಹಿಂದೆ ಸರಿದು ತಿರುಗುವ ಶೃಂಗೇರಿ ಬಸ್ಸು ಅವಳಿಗೆ ರನ್‌ವೇ ಹುಡುಕುತ್ತಿರುವಂತೆ ಕಾಣುತ್ತಿತ್ತು. ನಿದ್ದೆಗಣ್ಣಿನಲ್ಲಿ ವೇಳಾಪಟ್ಟಿಗಳು ಬೆರೆತುಹೋಗುತ್ತಿದ್ದವು: ಲಿಯೋನ್, ಮೊಂವಾಲ್, ನರಸಿಂಹರಾಜಪುರ.

ಕೊನೆಯ ಅಧ್ಯಾಯದ ಒಂದು ಮಾತು ಅವಳನ್ನು ಮುಂದೆ ಹೋಗಲು ಬಿಡಲಿಲ್ಲ. “ಅಪ್ಪ ಪ್ರತಿ ರಾತ್ರಿ ಲಿಯೋನ್‌ನಿಂದ ನಮ್ಮೂರು ಮೊಂವಾಲ್‌ಗೆ ಬಹುತೇಕ ಖಾಲಿ ವಿಮಾನ ತರುತ್ತಿದ್ದದ್ದು ತನ್ನ ಹಾಸಿಗೆಯಲ್ಲಿ ಮಲಗಲು; ಕಂಪನಿ ಮುಳುಗಿದ್ದು ಅದರಿಂದ.” ಕಂಪನಿಯ ಪಾಲುದಾರನೊಬ್ಬ ಹಾಗೆಂದು ಪತ್ರ ಬರೆದಿಟ್ಟಿದ್ದ; ಎಲೆನ್ ಅದನ್ನೇ ನಂಬಿದ್ದಳು. ಅವಳ ಅಪ್ಪ ಈಗಿಲ್ಲ. ಶುಕ್ರವಾರ ಪುಸ್ತಕ ಅಚ್ಚಿಗೆ ಹೋದರೆ ಅವರ ಹೆಸರಿನ ಜೊತೆ ಆ ಮಾತೇ ಉಳಿಯುತ್ತದೆ.

ಬುಧವಾರ ಮಧ್ಯಾಹ್ನ ಚಹಾದಂಗಡಿಯಲ್ಲಿ ಇದನ್ನು ಕರಿಯಣ್ಣನಿಗೆ ಹೇಳಿದಳು. ನರಸಿಂಹರಾಜಪುರದಿಂದ ಕೊಪ್ಪ, ಶೃಂಗೇರಿ ಹಾದು ಕೆರೆಕಟ್ಟೆಗೆ ಹೋಗುವ ಕೊನೆಯ ಬಸ್ಸನ್ನು ಇಪ್ಪತ್ತೆರಡು ವರ್ಷ ಓಡಿಸಿ ನಿವೃತ್ತನಾದವನು ಅವನು.

“ರಾತ್ರಿ ವಿಮಾನದಲ್ಲಿ ಎಷ್ಟು ಜನ?” ಅವನು ಕೇಳಿದ.

“ಇಬ್ಬರು, ಮೂವರು.”

“ಬೆಳಗ್ಗೆ ಮೊದಲ್ನೇದು ಎಲ್ಲಿಂದ ಹೊರಡ್ತಿತ್ತು?”

ಅವಳು ಮೊಬೈಲಿನಲ್ಲಿ ಪುಟ ಹುಡುಕಿದಳು. “ಮೊಂವಾಲಿಂದಲೇ. ಆರೂ ಹತ್ತಕ್ಕೆ. ಹದಿನೇಳು ಜನ.”

“ಹಾಲ್ಟಿಂಗ್ ಅಲ್ವಾ ಮಾರಾಯ್ತಿ ಅದು. ರಾತ್ರಿ ಅಲ್ಲಿ ಹೋಗಿ ಮಲಗದಿದ್ರೆ ಬೆಳಗ್ಗೆ ಅಲ್ಲಿಂದ ಹೆಂಗೆ ಹೊರಡ್ತದೆ? ನೀವು ಫ್ರೆಂಚಲ್ಲಿ ಓದಿದ್ದು ಎಂತ ಮತ್ತೆ?”

ಅರ್ಪಣಾ ರಾತ್ರಿಯ, ಬೆಳಗಿನ ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಎಲೆನ್‌ಗೆ ಕಳಿಸಿದಳು. ಉತ್ತರ ಗುರುವಾರ ಬಂತು.

“ನೀವು ಹೇಳಿದ್ದು ಸರಿ. ಆ ಮಾತು ತೆಗೆಯುತ್ತೇನೆ. ಆದರೆ ಚಿಕ್ಕವಳಿದ್ದಾಗ ಎಂಜಿನ್ ಸದ್ದು ಕೇಳಿದರೆ, ಅಪ್ಪ ನನಗಾಗಿ ಬಂದರು ಅಂದುಕೊಂಡು ನಿದ್ದೆ ಹೋಗುತ್ತಿದ್ದೆ. ಪಾಲುದಾರನನ್ನು ನಂಬಿದ್ದೂ ಬಹುಶಃ ಅದಕ್ಕೇ. ಈಗ ಅದು ಬರೀ ವೇಳಾಪಟ್ಟಿಯೇ?”

ಅದನ್ನು ಓದಿ ಅರ್ಪಣಾ ಚಹಾದಂಗಡಿಗೆ ಇಳಿದಳು. ಕರಿಯಣ್ಣ ಅದೇ ಬೆಂಚಿನ ಮೇಲಿದ್ದ.

“ಅಷ್ಟು ವರ್ಷ ಕೆರೆಕಟ್ಟೆ ಹಾಲ್ಟಿಂಗ್ ನಿಮಗೇ ಯಾಕೆ ಹಾಕಿದ್ರು?”

“ಹಾಕಿದ್ದಲ್ಲ, ನಾನೇ ಕೇಳಿ ಬರೆದು ಕೊಟ್ಟಿದ್ದು. ನನ್ನ ಹೆಂಡ್ತಿ ಪುಟ್ಟಕ್ಕ ಅಲ್ಲೇ ಇದ್ದದ್ದಲ್ವಾ. ಬಸ್ಸು ಊರಿಗೆ ಹೋಗ್ತಿತ್ತು, ನಾನು ಮನೆಗೆ ಹೋಗ್ತಿದ್ದೆ. ಎರಡಕ್ಕೂ ಒಂದೇ ಡೀಸೆಲ್.” ಆಮೇಲೆ ಕೇಳಿದ, “ಆ ವಿಮಾನ ಹೊರಗೇ ಮಲಗ್ತಿತ್ತಾ?”

“ಹುಲ್ಲಿನ ಮೈದಾನದಲ್ಲಿ.”

“ಹಂಗಾದ್ರೆ ಬೆಳಗ್ಗೆ ಗಾಜು ಒರೆಸ್ಬೇಕಿತ್ತು ಪಾಪ. ಇಬ್ಬನಿ.”

ಡೀಸೆಲ್ಲಿನ ಮಾತನ್ನೂ ಇಬ್ಬನಿಯನ್ನೂ ಅರ್ಪಣಾ ಇದ್ದಂತೆಯೇ ಎಲೆನ್‌ಗೆ ಬರೆದಳು. ಶುಕ್ರವಾರ ಬಂದ ಕರಡಿನಲ್ಲಿ ಹಳೆಯ ವಾಕ್ಯ ಇರಲಿಲ್ಲ. ಅಲ್ಲಿ ಬೆಳಗಿನ ಹದಿನೇಳು ಪ್ರಯಾಣಿಕರಿದ್ದರು. ಒದ್ದೆ ಗಾಜು ಒರೆಸುತ್ತಿದ್ದ ಅಪ್ಪನಿದ್ದರು, ಅವರ ಪಕ್ಕ ಬಟ್ಟೆ ಹಿಡಿದು ನಿಂತ ಐದು ವರ್ಷದ ಹುಡುಗಿ. ಕೆಳಗೆ ಅಡಿಟಿಪ್ಪಣಿ: ಮಾಹಿತಿ, ಕರಿಯಣ್ಣ, ಬಸ್ ಚಾಲಕ, ಕೆರೆಕಟ್ಟೆ.

ಸಂಜೆ ಅವಳು ಕಿಟಕಿಯಲ್ಲಿ ನಿಂತಿದ್ದಾಗ ಕೆರೆಕಟ್ಟೆಯ ಬಸ್ಸು ಮೂವರನ್ನು ಹತ್ತಿಸಿಕೊಂಡು ಹೊರಟಿತು. ಮಂಜಿನಲ್ಲಿ ಅದರ ಚಕ್ರಗಳು ಕಾಣಲಿಲ್ಲ.